ತೂದಾ ಆರಿಸಿದ ನಲವತ್ತು ಮರಗಳು

ತೂದಾಳ ಊರಿನಲ್ಲಿ ಮಕ್ಕಳು ಊಟಕ್ಕೆ ಹಟ ಹಿಡಿದರೆ "ಅಗೋ, ಬುಗಾಬಾ ಬಂದ" ಎಂದು ಹೆದರಿಸುವುದು ತಾಯಂದಿರ ವಾಡಿಕೆ. ಬುಗಾಬಾ ಎಂದರೆ ಕಾಡಿನ ಅಪ್ಪ; ಸರ್ಕಾರದ ಅರಣ್ಯ ಕಾವಲುಗಾರನಿಗೆ ಅಟ್ಲಾಸ್ ಬೆಟ್ಟದ ಜನ ಇಟ್ಟ ಹೆಸರು. ಹಸಿರು ಟೋಪಿ ಹಾಕಿಕೊಂಡು, ಹೇಸರಗತ್ತೆಯ ಮೇಲೆ ಕುಳಿತು, ಯಾರೂ ನೆನೆಸದ ಹೊತ್ತಿನಲ್ಲಿ ಅವನು ಪ್ರತ್ಯಕ್ಷನಾಗುತ್ತಿದ್ದ. ಹಸಿ ಕೊಂಬೆ ಕಡಿದ ಹೆಂಗಸರ ಕೈಯಿಂದ ಕೊಡಲಿ ಕಿತ್ತುಕೊಳ್ಳುತ್ತಿದ್ದ. ಹೀಗಿರುವಾಗ ಕುರಿ ಕಾಯುವ ಝಾಯಿದನ ಹಿರಿಯ ಮಗಳು ತೂದಾ ತಾನೇ ಬುಗಾಬಾ ಆಗುತ್ತೇನೆಂದು ಅರಣ್ಯ ಶಾಲೆಗೆ ಹೊರಟು ನಿಂತಾಗ, ಚಿಲುಮೆಯ ಬಳಿ ನೀರಿಗೆ ಬಂದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನಕ್ಕರು.

"ಅಲ್ಲ ಕಣೇ, ಬುಗಾಬಾ ಅಂದ್ರೆ ಕಾಡಪ್ಪ. ನಿನ್ನನ್ನ ಏನಂತ ಕರೀಬೇಕು? ಮೀಸೆ ಬೇರೆ ಇಲ್ಲ ನಿಂಗೆ" ಎಂದಳು ಪಕ್ಕದ ಮನೆಯ ರಬ್ಹಾ.

"ಕಾಡಮ್ಮ ಅನ್ನಿ."

"ಆಹಾ! ಮೊದಲನೇ ದಿನಾನೇ ನನ್ನ ಕೊಡಲಿ ಕಿತ್ಕೊಳ್ತೀಯೇನೇ, ಕಾಡಮ್ಮ?"

"ನಿಮ್ಮ ಕೊಡಲಿ ಮೊಂಡು, ರಬ್ಹಾ ಚಿಕ್ಕಮ್ಮ. ಅದನ್ನ ಕಿತ್ಕೊಂಡು ಸರ್ಕಾರ ಏನು ಬೆಣ್ಣೆ ಕತ್ತರಿಸುತ್ತಾ?"

ಝಾಯಿದ ಮಾತ್ರ ನಗಲಿಲ್ಲ, ತಡೆಯಲೂ ಇಲ್ಲ. ಮಗಳು ಶಾಲೆ ಸೇರಿದ ದಿನದಿಂದ ವಾರದ ಸಂತೆಯಲ್ಲಿ ಸಿಕ್ಕವರಿಗೆಲ್ಲ, "ಎರಡು ವರ್ಷ ತಾಳಿ, ನಮ್ಮ ಮನೆಗೂ ಒಂದು ಹಸಿರು ಟೋಪಿ ಬರುತ್ತೆ" ಎಂದು ಹೇಳುತ್ತಾ ಬಂದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಎರಡು ವರ್ಷಗಳು ಬಹಳ ಬೇಗ ಕಳೆದವು. ತೂದಾ ಮರದ ಎತ್ತರ ಅಳೆಯುವುದನ್ನು ಕಲಿತಳು, ಮಣ್ಣನ್ನು ಬೆರಳಲ್ಲಿ ಉಜ್ಜಿ ಗುರುತಿಸುವುದನ್ನು ಕಲಿತಳು, ಬೆಂಕಿ ಬಿದ್ದಾಗ ಗಾಳಿಗೆ ಬೆನ್ನು ಕೊಡಬಾರದೆಂಬುದನ್ನು ಕಲಿತಳು. ಕೊನೆಗೆ ಉಳಿದದ್ದು ಒಂದೇ ಪರೀಕ್ಷೆ: ದೇವದಾರು ಕಾಡಿನ ಶಿಬಿರದಲ್ಲಿ ಮುದ್ರೆಯ ಕೆಲಸ. ಅದರಲ್ಲಿ ಗೆದ್ದರೆ ಟೋಪಿ. ಸೋತರೆ ಇನ್ನೊಂದು ವರ್ಷ ಅದೇ ಬೆಂಚು.

ಮುದ್ರೆಯ ಕೆಲಸಕ್ಕೆ ಒಂದು ವಿಶೇಷವಾದ ಸುತ್ತಿಗೆ ಇತ್ತು. ಒಂದು ಬದಿ ಕೊಡಲಿಯ ಬಾಯಿ, ಇನ್ನೊಂದು ಬದಿಯಲ್ಲಿ ಸರ್ಕಾರದ ಅಕ್ಷರಗಳು. ಕೊಡಲಿಯ ಬಾಯಿಂದ ಅಂಗೈಯಗಲ ತೊಗಟೆ ಕೆತ್ತಬೇಕು, ಸುತ್ತಿಗೆ ತಿರುಗಿಸಿ ಬಿಳಿ ಮರದ ಮೇಲೆ ಒಂದೇ ಪೆಟ್ಟಿಗೆ ಅಕ್ಷರ ಮೂಡಿಸಬೇಕು. ಎದೆಯ ಎತ್ತರದಲ್ಲಿ ಒಂದು, ಬೇರಿನ ಬುಡದಲ್ಲಿ ಒಂದು. ಮರ ಉರುಳಿದ ಮೇಲೂ ಬುಡದ ಮುದ್ರೆ ಮೋಟಿನಲ್ಲಿ ಉಳಿಯುತ್ತದೆ. ಇದು ಕಳ್ಳರು ಕಡಿದ ಮರವಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹೊಡೆದ ಮುದ್ರೆಯನ್ನು ಕೆತ್ತಿ ತೆಗೆಯುವುದು ಮರ ಕದಿಯುವುದಕ್ಕಿಂತ ದೊಡ್ಡ ಅಪರಾಧ. ಆ ಬೆಟ್ಟದಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು.

ಮೇಷ್ಟ್ರು ಸೀ ಲಹ್ಸನ್ ಮೊಣಕಾಲು ನೋವಿನ ಮನುಷ್ಯ, ನಿವೃತ್ತಿಗೆ ಇನ್ನು ಒಂದೇ ವರ್ಷ. ದಕ್ಷಿಣದ ಒಣ ಸೀಮೆಯವರು. ಬಾರ್ಲಿ, ಬೇಳೆ ಬೆಳೆಯುವ ಮನೆತನ. ಪಾಠವನ್ನು ಯಾವಾಗಲೂ ಪುಸ್ತಕದ ಭಾಷೆಯಲ್ಲಿಯೇ ಮಾಡುತ್ತಿದ್ದರು. ಆ ಭಾಷೆಯಲ್ಲಿ ಕಡಿಯುವ ಮರಕ್ಕೆ ಹೊಡೆಯುವ ಮುದ್ರೆಗೆ ಒಂದು ಹೆಸರು, ಉಳಿಸುವ ಮರಕ್ಕೆ ಹೊಡೆಯುವ ಮುದ್ರೆಗೆ ಬೇರೊಂದು ಹೆಸರು. ಎರಡು ಬಗೆಯ ಕೆಲಸವೂ ಉಂಟು, ಸುತ್ತಿಗೆಯೂ ಅಕ್ಷರವೂ ಮಾತ್ರ ಒಂದೇ. ಕಾಡನ್ನು ಅಂಕಿ ಹಾಕಿ ಪಾಲುಗಳಾಗಿ ಗುರುತಿಸಿತ್ತು; ಯಾವ ಪಾಲಿನಲ್ಲಿ ಯಾವುದು ಎಂಬುದನ್ನು ಮೇಷ್ಟ್ರು ಹೇಳಬೇಕು. ಪರೀಕ್ಷೆಯ ಬೆಳಿಗ್ಗೆ ತೂದಾಳ ಜೊತೆ ಕಲಿಯುತ್ತಿದ್ದ ಮೀಮೂನ್ ಮೊದಲಾದ ಹುಡುಗರಿಗೆಲ್ಲ ಅವರು ಪುಸ್ತಕದ ಭಾಷೆಯಲ್ಲೇ ಹೇಳಿ ಕಳುಹಿಸಿದರು. ತೂದಾಳ ಸರದಿ ಬಂದಾಗ ಅವಳು ಸುತ್ತಿಗೆಯನ್ನು ತಲೆಕೆಳಗಾಗಿ ಹಿಡಿದಿರುವುದನ್ನು ಕಂಡರು. ಮನಸ್ಸು ಕರಗಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳೊಡನೆ ಬೆಟ್ಟದ ಭಾಷೆಯಲ್ಲಿ ಮಾತನಾಡಿದರು.

"ಹೆದರಬೇಡ ಮಗಳೇ. ಏಳನೇ ಪಾಲು ನಿಂದು. ನಿಧಾನವಾಗಿ ನಲವತ್ತು ಮರ ಆರಿಸು, ಮುದ್ರೆ ಹೊಡಿ. ಅಷ್ಟೇ."

ಆರಿಸು. ಆ ಒಂದು ಮಾತಿಗೆ ತೂದಾಳ ಹೆದರಿಕೆ ಬಿಟ್ಟುಹೋಯಿತು. ಆರಿಸುವುದೆಂದರೆ ಅವಳಿಗೆ ಹೊಸದೇನಲ್ಲ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ, ಮಂದೆ ಬೆಟ್ಟ ಇಳಿಯುವ ಮೊದಲು, ಅವರ ಮನೆಯಲ್ಲಿ ಕುರಿ ಆರಿಸುವ ದಿನವಿರುತ್ತಿತ್ತು. ಅಜ್ಜಿ ಫಾದ್ಮಾ ಮದರಂಗಿಯ ಬಟ್ಟಲು ಹಿಡಿದು ಮಂದೆಯ ನಡುವೆ ನಿಲ್ಲುವಳು. ಮುಂದಿನ ಚಳಿಗಾಲ ಕಾಣಬೇಕಾದ ಕುರಿಯ ಹಣೆಗೆ ಕೆಂಪು ಬೊಟ್ಟು. ಬೊಟ್ಟಿಲ್ಲದವು ಸಂತೆಗೆ. "ಉಣ್ಣೆ ನೋಡಬೇಡ, ಉಣ್ಣೆ ಮೋಸ ಮಾಡುತ್ತೆ" ಎನ್ನುವಳು ಅಜ್ಜಿ. "ಗಾಳಿ ಬಂದಾಗ ಹೆಂಗೆ ನಿಲ್ಲುತ್ತೆ, ಅದನ್ನ ನೋಡು."

ಏಳನೇ ಪಾಲಿಗೆ ಹೋದಾಗ ಮಂಜು ಸೊಂಟದೆತ್ತರಕ್ಕೆ ನಿಂತಿತ್ತು. ಕೆಳಗೆ ಹಿಮದ ತುಣುಕುಗಳು ಇನ್ನೂ ಕರಗದೆ ಉಳಿದಿದ್ದವು, ಒಗೆದು ಹರವಿ ಮರೆತ ಬಟ್ಟೆಗಳ ಹಾಗೆ. ಮೇಲೆ ದೇವದಾರುಗಳ ಕೊಂಬೆಗಳು ತಟ್ಟೆ ತಟ್ಟೆಯಾಗಿ ಬೆಳ್ಳನೆಯ ಆಕಾಶದಲ್ಲಿ ತೇಲುತ್ತಿದ್ದವು. ಬಾಲವಿಲ್ಲದ ಕೋತಿಯೊಂದು ಮರಿಯನ್ನು ಎದೆಗವಚಿಕೊಂಡು ಕುಳಿತು, ಮುದುಕಿಯರು ಮದುವೆಗೆ ಬಂದ ಹೊಸ ಮುಖವನ್ನು ನೋಡುವಂತೆ ತೂದಾಳನ್ನು ನೋಡಿತು. ಅವಳು ನಿಂತಳು. ಸುಮ್ಮನೆ ನಿಂತೇ ಇದ್ದಳು. ಆಗ ಮರಗಳು ತಾವೇ ಬರತೊಡಗಿದವು ಎಂದು ಅವಳಿಗೆ ಅನ್ನಿಸಿತು. ಮಂಜು ಒಮ್ಮೆ ಸರಿದರೆ ಒಂದು ಮರ ಹೆಜ್ಜೆ ಮುಂದಿಟ್ಟಂತೆ. ಮುಚ್ಚಿದರೆ ಹಿಂದಕ್ಕೆ ಹೋದಂತೆ.

ಮೊದಲು ಬಂದದ್ದು ಇಳಿಜಾರಿನ ಅಂಚಿನ ಒಂದು ದೊಡ್ಡ ಮರ. ಗಾಳಿಯ ಕಡೆಗೆ ಒಂದಿಷ್ಟು ವಾಲಿ, ಆಮೇಲೆ ಮನಸ್ಸು ಬದಲಿಸಿ ನೆಟ್ಟಗೆ ಏರಿತ್ತು. ಕೊಂಬೆಗಳ ತುಂಬ ಕಾಯಿ. ಅದರ ಬುಡದ ಸುತ್ತ ಗೇಣುದ್ದದ ಸಸಿಗಳು ಹತ್ತಾರು. ತೂದಾ ತೊಗಟೆ ಕೆತ್ತಿದಳು. ಬಿಳಿ ಮರದಿಂದ ಎದ್ದ ಪರಿಮಳ ಅಜ್ಜಿಯ ಪೆಟ್ಟಿಗೆ ತೆರೆದ ಹಾಗಿತ್ತು. ಸುತ್ತಿಗೆ ತಿರುಗಿಸಿ ಹೊಡೆದಳು. ಆ ಪೆಟ್ಟಿನ ಸದ್ದು ಮಂಜಿನೊಳಗೆ ಹೋಗಿ ಎಲ್ಲಿಯೋ ಮಲಗಿತು. "ನೀನು ಇರು" ಎಂದಳು, ಅಜ್ಜಿ ಕುರಿಗೆ ಹೇಳುವಂತೆ.

ಆಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸಿಡಿಲು ಬಡಿದೂ ಚಿಗುರಿದ್ದು, ಬಂಡೆಯನ್ನು ಬೇರಿನಿಂದ ಎರಡು ಹೋಳು ಮಾಡಿದ್ದು, ಜೋಡಿಯಾಗಿ ನಿಂತು ಮೇಲೆ ಕೈ ಹಿಡಿದುಕೊಂಡದ್ದು. ಒಂದೊಂದಕ್ಕೂ "ನೀನು ಇರು" ಎನ್ನುತ್ತಾ ಹೋದಳು. ಸೊರಗಿದವನ್ನು, ಸೊಟ್ಟ ಬೆಳೆದವನ್ನು, ನೆರಳಲ್ಲಿ ಉಸಿರು ಕಟ್ಟಿ ನಿಂತವನ್ನು ಮುಟ್ಟದೆ ದಾಟಿದಳು. ನಲವತ್ತನೆಯ ಮರಕ್ಕೆ ಮುದ್ರೆ ಹೊಡೆದು ತಲೆ ಎತ್ತಿದಾಗ ಮಂಜು ಚದುರಿ, ಸೂರ್ಯ ಪಡುವಣಕ್ಕೆ ವಾಲಿದ್ದ. ಬುತ್ತಿಯ ರೊಟ್ಟಿ ಚೀಲದಲ್ಲೇ ಇತ್ತು. ಹುಟ್ಟಿದ ಮೇಲೆ ಇಷ್ಟು ಚೆನ್ನಾಗಿ ಒಂದು ಕೆಲಸ ಮಾಡಿರಲಿಲ್ಲ ಎಂದುಕೊಂಡು ಅವಳು ಶಿಬಿರಕ್ಕೆ ಇಳಿದಳು.

ಸಂಜೆ ಒಲೆಯ ಸುತ್ತ ಎಲ್ಲರೂ ಅವರೆಬೇಳೆಯ ಸಾರು ಕುಡಿಯುತ್ತಿದ್ದರು. ಮರ ಕೊಯ್ಯುವವರ ಮೇಸ್ತ್ರಿ ಅಸ್ಸೂ ಕಾಕಾ ಇಬ್ಬರು ಹಿಡಿಯುವ ಉದ್ದನೆಯ ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಅದರ ಹಲ್ಲು ಮಸೆಯುತ್ತಿದ್ದ.

"ಏನಮ್ಮಾ ತೂದಾ, ನಿನ್ನ ಏಳನೇ ಪಾಲು ನೋಡ್ಕೊಂಡು ಬಂದೆ" ಎಂದ. "ಕೈ ಧಾರಾಳ ನಿಂದು! ಮೂವತ್ತು ವರ್ಷದಿಂದ ಕೊಯ್ತಾ ಇದೀನಿ, ಇಂಥ ಮರ ಯಾವ ಬುಗಾಬಾನೂ ನಂಗೆ ಕೊಟ್ಟಿಲ್ಲ. ಎಲ್ಲರೂ ಸೊಟ್ಟಂಬಟ್ಟ ಕೊಟ್ಟು ಕೈ ತೊಳ್ಕೊಳ್ತಾರೆ."

ಮೀಮೂನ್ ನಕ್ಕ. "ಕುರುಬರ ಹುಡುಗಿ ಅಲ್ವಾ ಕಾಕಾ, ನೆಂಟರಿಗೆ ಕೊಬ್ಬಿದ ಕುರೀನೇ ಕೊಯ್ಯೋದು."

ತೂದಾಳ ಬಟ್ಟಲು ಬಾಯಿಯ ಹತ್ತಿರ ನಿಂತಿತು. "ಕೊಡೋದು ಅಂದ್ರೆ?"

"ನಾಳೆ ಬೆಳಿಗ್ಗೆ ಶುರು ಮಾಡ್ತೀವಲ್ಲ! ಮುದ್ರೆ ಬಿದ್ದ ಮರ ನನ್ನದು, ಬೀಳದ್ದು ದೇವರದ್ದು. ಮೊದಲು ಆ ಅಂಚಿನ ದೊಡ್ಡ ಮರ."

ಏಳನೇ ಪಾಲು ಕಡಿಯುವ ಪಾಲು. ಅವಳು ಆರಿಸಿದ ನಲವತ್ತೂ ಕೊಡಲಿಗೆ ಹೋಗುವ ಮರಗಳು. ಅವಳು ಬಟ್ಟಲು ಕೆಳಗಿಟ್ಟಳು. ಎದ್ದು ಮೇಷ್ಟ್ರ ಕೋಣೆಯ ಬಾಗಿಲವರೆಗೆ ಹೋದಳು. ಒಳಗೆ ಸೀ ಲಹ್ಸನ್ ಕೆಮ್ಮುತ್ತಾ ವರದಿ ಬರೆಯುತ್ತಿದ್ದರು. ಹೇಳಿದರೆ ಸರ್ಕಾರದ ಮುದ್ರೆಯನ್ನು ತಪ್ಪಾಗಿ ಹೊಡೆದವಳು ಎಂದಾಗುತ್ತದೆ, ಟೋಪಿ ಹೋಯಿತು. ಅಪ್ಪ ಸಂತೆಯಲ್ಲಿ ಏನು ಹೇಳಿಯಾನು? ಹೇಳದಿದ್ದರೆ ಮರ ಹೋಗುತ್ತವೆ, ಟೋಪಿ ಉಳಿಯುತ್ತದೆ. ದುಂದುಗಾತಿ ಎಂದು ಒಂದೆರಡು ಅಂಕ ಕಡಿಮೆಯಾದೀತು, ಅಷ್ಟೆ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಅವಳು ಕೆಳಗಿಳಿಸಿದಳು. ಬೆಳಿಗ್ಗೆ ಹೇಳಿದರಾಯಿತು, ಮಂಜು ಬಿಡುವ ತನಕ ಯಾರೂ ಕೊಯ್ಯುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೋಗಿ ಮಲಗಿದಳು.

ಆದರೆ ಮರುದಿನ ಮಂಜೇ ಬೀಳಲಿಲ್ಲ. ಬೆಳಕು ಹರಿಯುವುದರೊಳಗೆ ಬೆಟ್ಟ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ತೂದಾ ಕಣ್ಣು ಬಿಟ್ಟಾಗ ಮೇಲಿನಿಂದ ಒಂದು ಸದ್ದು ಬರುತ್ತಿತ್ತು, ಯಾರೋ ನಿದ್ದೆಯಲ್ಲಿ ಉಸಿರೆಳೆದು ಬಿಡುವ ಹಾಗೆ. ಗರಗಸ!

ಸೀ ಲಹ್ಸನ್ ಚಹಾ ಸುರಿಯುತ್ತಿದ್ದರು. ತೂದಾ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಅವರ ಕೈಯ ಚಹಾ ಲೋಟ ತುಂಬಿ ತಟ್ಟೆಗೆ, ತಟ್ಟೆ ತುಂಬಿ ಮಣೆಗೆ ಹರಿಯಿತು.

"ಉಳಿಸೋ ಮರಕ್ಕೆ ಹೊಡೆದೆಯಾ? ನಲವತ್ತಕ್ಕೂ?"

"ನಲವತ್ತಕ್ಕೂ, ಮೇಷ್ಟ್ರೇ."

ಅವರು ಏಳಲು ಹೋದರು, ಮೊಣಕಾಲು ಏಳಗೊಡಲಿಲ್ಲ. ತಲೆಯಿಂದ ಟೋಪಿ ತೆಗೆದು ಅವಳ ಕೈಗೆ ತುರುಕಿದರು. "ಕಾಗದ ಬರೆಯೋಕೆ ಹೊತ್ತಿಲ್ಲ. ಇದನ್ನ ಅಸ್ಸೂಗೆ ತೋರಿಸು, ಲಹ್ಸನ್ ನಿಲ್ಲಿಸು ಅಂದ ಅನ್ನು. ಓಡು!"

ತೂದಾ ಓಡಿದಳು. ಇಷ್ಟು ವರ್ಷ ಕನಸು ಕಂಡ ಹಸಿರು ಟೋಪಿಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದುಕೊಂಡು ಓಡಿದಳು. ಏಳನೇ ಪಾಲಿನ ಅಂಚಿನಲ್ಲಿ ಅಸ್ಸೂ ಕಾಕಾ ಮತ್ತು ಅವನ ಜೊತೆಗಾರ ಮಂಡಿಯೂರಿ ಕುಳಿತು ಗರಗಸ ಎಳೆಯುತ್ತಿದ್ದರು. ಟೋಪಿ ನೋಡಿದೊಡನೆ ಕೈ ನಿಲ್ಲಿಸಿದರು.

"ನಿಲ್ಸು ಅಂದ್ರಾ? ಈಗಾ?" ಅಸ್ಸೂ ಕಾಕಾ ಕೊಯ್ದ ಸೀಳಿಗೆ ತೆಳ್ಳನೆಯ ಕಡ್ಡಿ ತೂರಿಸಿ ಆಳ ನೋಡಿದ. ಕಡ್ಡಿ ಮುಕ್ಕಾಲು ಪಾಲು ಒಳಗೆ ಹೋಯಿತು. "ಮಗಳೇ, ಅರ್ಧ ದಾಟಿಬಿಟ್ಟಿದೆ. ಇದನ್ನ ಹಿಂಗೇ ಬಿಟ್ರೆ ಮೊದಲನೇ ಗಾಳಿಗೆ ಯಾರ ತಲೆ ಮೇಲಾದ್ರೂ ಬೀಳುತ್ತೆ. ಉಳಿದದ್ದು ಬಿಡ್ತೀನಿ. ಇದು ಇಳೀಲೇಬೇಕು. ನೀನು ಬೇಕಾದ್ರೆ ಕೆಳಗೆ ಹೋಗು."

"ಇಲ್ಲೇ ಇರ್ತೀನಿ" ಎಂದಳು ತೂದಾ.

ಮರ ಬಿದ್ದದ್ದು ಬಹಳ ನಿಧಾನವಾಗಿ. ಮೊದಲು ತುದಿ ಆಕಾಶದಲ್ಲಿ ಒಂದು ಬೆರಳಿನಷ್ಟು ಸರಿಯಿತು. ಆಮೇಲೆ ತಟ್ಟೆಯಂಥ ಕೊಂಬೆಗಳು ಒಂದೊಂದಾಗಿ ಪಕ್ಕದ ಮರಗಳನ್ನು ಸವರಿಕೊಂಡು, ಯಾರನ್ನೂ ಎಬ್ಬಿಸಬಾರದೆಂದು ಕತ್ತಲ ಕೋಣೆ ದಾಟುವವರ ಹಾಗೆ ಇಳಿದವು. ನೆಲಕ್ಕೆ ತಾಗಿದಾಗ ಮಾತ್ರ ಇಡೀ ಬೆಟ್ಟಕ್ಕೆ ಎಚ್ಚರವಾಯಿತು. ಮರ ನಿಂತಿದ್ದ ಜಾಗದಲ್ಲಿ ಬೆಳಕಿನ ಕಂಬವೊಂದು ಎದ್ದುನಿಂತು, ಅದರೊಳಗೆ ಹೊಂಬಣ್ಣದ ಧೂಳು ಮೇಲೆ ಕೆಳಗೆ ಆಡುತ್ತಿತ್ತು. ಮೋಟಿನ ಬುಡದಲ್ಲಿ ಅವಳು ಹೊಡೆದ ಅಕ್ಷರಗಳು ಸ್ಪಷ್ಟವಾಗಿ, ನೇರವಾಗಿ, ಸರ್ಕಾರ ಬಯಸುವಷ್ಟು ಚೆನ್ನಾಗಿ ಮೂಡಿದ್ದವು. ಅದನ್ನು ನೋಡಿಯೇ ಅವಳಿಗೆ ಅಳು ಬಂತು. ರಾತ್ರಿ ಬಾಗಿಲು ತಟ್ಟಿದ್ದರೆ ನಲವತ್ತೂ ನಿಂತಿರುತ್ತಿದ್ದವು.

ಒಂದು ಗಂಟೆಯ ಮೇಲೆ ಸೀ ಲಹ್ಸನ್ ಕೋಲೂರಿಕೊಂಡು ಬಂದರು. ಬೈಯಲಿಲ್ಲ. ಉಳಿದ ಮೂವತ್ತೊಂಬತ್ತು ಮರಗಳನ್ನೂ ಒಂದೊಂದಾಗಿ ಸುತ್ತಿ ನೋಡಿದರು. ಪ್ರತಿ ಮರದ ಬಳಿಯೂ "ಇದನ್ನ ಯಾಕೆ?" ಎಂದು ಕೇಳಿದರು. "ಇದು ಬಂಡೆಗೆ ಸೋತಿಲ್ಲ", "ಇದರ ಕಾಯಿ ತುಂಬಿದೆ", "ಇದು ಗಾಳಿಗೆ ಬೆನ್ನು ಕೊಡಲ್ಲ" ಎಂದು ತೂದಾ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು. ಕೊನೆಗೆ ಅವರು ಒಂದು ಕಲ್ಲಿನ ಮೇಲೆ ಕುಳಿತು ಮೊಣಕಾಲು ನೀವಿಕೊಂಡರು.

"ನಾನು ಏನಂತ ಹೇಳಿದ್ದೆ ನಿಂಗೆ? ಹೇಳಿದ ಹಾಗೇ ಹೇಳು."

"ನಲವತ್ತು ಮರ ಆರಿಸು ಅಂದ್ರಿ."

"ಹೌದು. ನಮ್ಮಮ್ಮ ಬಾಗಿಲಲ್ಲಿ ಕೂತು ಬೇಳೆ ಆರಿಸ್ತಿದ್ಲು. ಏನು ಆರಿಸ್ತಿದ್ಲು ಹೇಳು?"

"ಕಲ್ಲು."

"ಆರಿಸಿದ್ದನ್ನ ಏನು ಮಾಡ್ತಿದ್ಲು?"

"ಅಂಗಳಕ್ಕೆ ಎಸೀತಿದ್ರು." ತೂದಾ ತಲೆ ಎತ್ತಿದಳು. "ನಮ್ಮನೇಲಿ ಮದರಂಗಿ ಬೊಟ್ಟು ಇಟ್ಟು ಕುರಿ ಆರಿಸ್ತಾರೆ ಮೇಷ್ಟ್ರೇ. ಆರಿಸಿದ್ದು ಮನೇಲೇ ಉಳಿಯುತ್ತೆ."

ಸೀ ಲಹ್ಸನ್ ತಲೆ ಹಿಡಿದುಕೊಂಡರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ತೂದಾ ಗಾಬರಿಯಾದಳು, ಅವರು ನಗುತ್ತಿದ್ದರು. "ಎರಡು ವರ್ಷ ಪುಸ್ತಕದ ಭಾಷೇಲಿ ನಿಮ್ಮನ್ನ ಗೋಳು ಹೊಯ್ಕೊಂಡೆ, ಒಂದು ತಪ್ಪೂ ಆಗ್ಲಿಲ್ಲ. ಒಂದೇ ಒಂದು ದಿನ ಪ್ರೀತಿಯಿಂದ ಮಾತಾಡ್ದೆ, ನೋಡು, ಕಾಡೇ ಹೋಗ್ತಿತ್ತು!" ಎಂದರು. ನಗು ನಿಂತ ಮೇಲೆ ಹೇಳಿದರು: "ಕಡಿಯೋ ಮುದ್ರೆ ಅಂತ ನೋಡಿದ್ರೆ ನಿಂಗೆ ಸೊನ್ನೆ. ಉಳಿಸೋ ಮುದ್ರೆ ಅಂತ ನೋಡಿದ್ರೆ, ನಾನೇ ಹೊಡೆದಿದ್ರೂ ಎರಡು ಮೂರು ಮರ ಬೇರೆ ಆಗ್ತಿದ್ವು, ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ. ತಪ್ಪು ನನ್ನ ಮಾತಿಂದು ಅಂತ ವರದಿ ಬರೀತೀನಿ. ಈ ಮೂವತ್ತೊಂಬತ್ತೂ ಬೀಜದ ಮರ ಅಂತ ದಾಖಲಾಗ್ಲಿ. ನೀನು ಬಾಯಿ ಮುಚ್ಕೊಂಡಿರು, ಟೋಪಿ ಬರುತ್ತೆ."

ತೂದಾ ಅಂಚಿನ ಮೋಟಿನ ಕಡೆ ನೋಡಿದಳು. "ಮಾತು ನಿಮ್ಮದು ಮೇಷ್ಟ್ರೇ. ಆದ್ರೆ ನಿನ್ನೆ ಸಂಜೇನೇ ನಂಗೆ ಗೊತ್ತಾಯ್ತು. ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋದೆ. ಅದನ್ನ ಯಾರು ಬರೀತಾರೆ?"

ಅದನ್ನು ಅವಳೇ ಬರೆದಳು. ಮೇಷ್ಟ್ರ ವರದಿಯ ಕೆಳಗೆ, ದುಂಡಗಿನ ಅಕ್ಷರಗಳಲ್ಲಿ ನಾಲ್ಕು ಸಾಲು. ಶಾಲೆಯವರು ಎರಡನ್ನೂ ಓದಿದರು. ಮೂವತ್ತೊಂಬತ್ತು ಮರಗಳು ಬೀಜದ ಮರಗಳೆಂದು ದಾಖಲಾದವು. ಸೀ ಲಹ್ಸನ್‌ರ ಹೆಸರಿನ ಮುಂದೆ ನಿವೃತ್ತಿಯ ಹೊಸ್ತಿಲಲ್ಲಿ ಒಂದು ಕಪ್ಪು ಚುಕ್ಕೆ ಬಿತ್ತು. ಅವರು ಅದನ್ನು ಮದರಂಗಿಯ ಬೊಟ್ಟು ಎಂದು ಕರೆದು ಎಲ್ಲರಿಗೂ ತೋರಿಸುತ್ತಿದ್ದರು. ತೂದಾಳಿಗೆ ಟೋಪಿ ಸಿಗಲಿಲ್ಲ. ಇನ್ನೊಂದು ವರ್ಷ ಎಂದರು.

ಊರಿಗೆ ಬರಿತಲೆಯಲ್ಲಿ ಬಂದ ಮಗಳನ್ನು ಝಾಯಿದ ಕೊಟ್ಟಿಗೆಯ ಬಾಗಿಲಲ್ಲಿ ಎದುರುಗೊಂಡ. ಅವಳು ನಡೆದದ್ದೆಲ್ಲವನ್ನೂ ಹೇಳಿದಳು.

"ನಲವತ್ತರಲ್ಲಿ ಒಂದು ಹೋಯ್ತಾ?" ಎಂದು ಕೇಳಿದ.

"ಒಂದು."

"ಹೋದ ವರ್ಷ ನಾನು ನಿದ್ದೆ ಹೋದ ದಿನ ತೋಳ ಆರು ಹೊಡೀತು. ನಿಮ್ಮಜ್ಜಿಗೆ ಎರಡು ಅಂತ ಹೇಳಿದೀನಿ, ಇವತ್ತಿಗೂ." ಅವನು ಕುರಿಗಳ ಕಡೆ ತಿರುಗಿದ. "ನಡಿ, ಹಾಲು ಕರಿ. ಸಂತೇಲಿ ಮೂರು ವರ್ಷದ ಓದು ಅಂತ ತಿದ್ದಿ ಹೇಳಿದ್ರಾಯ್ತು."

ಮುಂದಿನ ವಸಂತದಲ್ಲಿ ಹೊಸ ಮೇಷ್ಟ್ರು ಅವಳನ್ನು ಅದೇ ಏಳನೇ ಪಾಲಿಗೆ ಕಳುಹಿಸಿದರು. ಈ ಬಾರಿ ಅವಳು ಕೇಳಿದಳು: ಕಡಿಯೋದಕ್ಕೋ, ಉಳಿಸೋದಕ್ಕೋ? ಅವರು ಹೇಳಿದರು. ಇನ್ನೊಮ್ಮೆ ಕೇಳಿದಳು. ಮೂರನೆಯ ಬಾರಿ ಕೇಳಿದಾಗ ಅವರಿಗೆ ಸಿಟ್ಟೇ ಬಂತು. ಆ ದಿನ ಅವಳು ಮುಟ್ಟಿದ್ದು ಸೊರಗಿದ, ಸೊಟ್ಟ ಬೆಳೆದ, ನೆರಳಲ್ಲಿ ಉಸಿರು ಕಟ್ಟಿದ ಮರಗಳನ್ನು. ಕೆಲಸ ಹಗುರವಾಗಿರಲಿಲ್ಲ. "ಇರು" ಎನ್ನುವುದಕ್ಕೆ ಒಂದು ನೋಟ ಸಾಕಾಗಿತ್ತು. ಬಿಡುವುದಕ್ಕೆ ಪ್ರತಿ ಮರವನ್ನೂ ಎರಡು ಸುತ್ತು ಬರಬೇಕಾಯಿತು. ಮಂಜು ಬಂತು, ಹೋಯಿತು, ಮತ್ತೆ ಬಂತು. ಕತ್ತಲಾಗುವ ಹೊತ್ತಿಗೆ ನಲವತ್ತು ಮುಗಿದವು.

ಮರುದಿನ ಬೆಳಿಗ್ಗೆ ಅಸ್ಸೂ ಕಾಕಾ ಗರಗಸ ಹೊತ್ತು ಬಂದಾಗ ಅವಳು ಅಲ್ಲಿಯೇ ನಿಂತಿದ್ದಳು. ಅವನು ಮೊದಲ ಸೊಟ್ಟ ಮರದ ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ ಮುಖ ಹುಳ್ಳಗೆ ಮಾಡಿದ.

"ಥೂ, ನೀನೂ ಎಲ್ಲರ ಹಾಗೆ ಬುಗಾಬಾ ಆಗಿಬಿಟ್ಟೆಯಲ್ಲೇ" ಎಂದ.

ತೂದಾ ಗರಗಸದ ಇನ್ನೊಂದು ಹಿಡಿಯ ಬಳಿ ಮಂಡಿಯೂರಿ ಕುಳಿತು, "ಎಳೀರಿ ಕಾಕಾ" ಎಂದಳು.